ಇನ್ನೊಂದು ಸುತ್ತು

ನನ್ನ ಭಾವ ಮುಚ್ಚಿದ ಬಾಟಲಿಯನ್ನು ತೆರೆಯಬಲ್ಲ ಮನುಷ್ಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಭಾವನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನೀರಿನ ಬಾಟಲಿಯಾಗಲಿ, ಎಣ್ಣೆಯ ಡಬ್ಬಿಯಾಗಲಿ, ಕೆಮ್ಮಿನ ಔಷಧಿಯಾಗಲಿ, ಅವರ ಕೈಯಿಂದ ಒಮ್ಮೆ ಮುಚ್ಚಳ ಹಾಕಿಸಿಕೊಂಡಿತೆಂದರೆ ಅದರ ಬಾಟಲಿ ಜನ್ಮ ಮುಗಿದು ಬಂಡೆಯ ಜನ್ಮ ಶುರುವಾಯಿತೆಂದೇ ಅರ್ಥ. ಎಲ್ಲರಂತೆ ಅವರೂ ಮುಚ್ಚಳ ತಿರುಗಿಸುತ್ತಾರೆ, ಎಲ್ಲರ ಮುಚ್ಚಳದಂತೆ ಅದೂ ಒಂದು ಕಡೆ ಬಿಗಿಯಾಗಿ ನಿಲ್ಲುತ್ತದೆ. ಆದರೆ ಎಲ್ಲರ ಕೈ ಹಿಂದೆ ಸರಿಯುವ ಆ ಜಾಗದಿಂದಲೇ ಭಾವನ ಪರಾಕ್ರಮ ಆರಂಭವಾಗುವುದು. ಕೆಳದುಟಿ ಕಚ್ಚಿ, ಎಡಗಣ್ಣು ಮುಚ್ಚಿ, "ಇನ್ನೊಂದ್ ಸುತ್ತು" ಎಂದು ತಮಗೆ ತಾವೇ ಅಪ್ಪಣೆ ಕೊಟ್ಟುಕೊಂಡು ಮುನ್ನುಗ್ಗುತ್ತಾರೆ. ಮನೆಯ ನಲ್ಲಿಗಳೆಲ್ಲ ಈ ಅಪ್ಪಣೆಗೆ ಒಂದಲ್ಲ ಒಂದು ದಿನ ಕತ್ತು ಕೊಟ್ಟಿವೆ. ಅವರ ಕನ್ನಡಕದ ಕಡ್ಡಿಗಳು ಮಡಚಿಕೊಳ್ಳುವುದನ್ನು ಎಂದೋ ಮರೆತಿರುವುದರಿಂದ, ಭಾವ ಮಲಗಿದ ಮೇಲೆ ಆ ಕನ್ನಡಕ ಎರಡೂ ಕೈ ಮುಂದೆ ಚಾಚಿ ಕತ್ತಲಲ್ಲಿ ಯಾರನ್ನೋ ಬೇಡುತ್ತಾ ಕೂತಿರುತ್ತದೆ.

ಕೂತಲ್ಲಿ ಕೂರುವ ಪೈಕಿಯಲ್ಲ ಅವರು. ಎಂಥ ಸೆಕೆಯಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ, ನೂರು ಬಣ್ಣ ಕುಡಿದ ಒಂದು ಬೂದು ಕೋಟು. ಅದರ ಜೇಬಿನಲ್ಲಿ ಗಲಗಲ ಎನ್ನುವ ಪಾನಾ, ಇಕ್ಕಳ. ನಮ್ಮ ಮನೆಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಬಾಗಿಲಿನ ಕೀಲು ನೋಡಿ, "ಭಾಮೈದ, ಇದು ಸಡಿಲ ಆಗಿದೆಯಲ್ಲಯ್ಯಾ" ಎನ್ನುತ್ತಾರೆ. ಅವರು ಹೊರಟ ಮೇಲೆ ಬಾಗಿಲನ್ನು ಭುಜಕೊಟ್ಟು ನೂಕಬೇಕು.

ಯಾಕೆ ಹೀಗೆ ಎಂದು ಕೇಳಿದವರಿಗೆಲ್ಲ ಅವರು ಬೇರೆ ಬೇರೆ ಕಾರಣ ಕೊಟ್ಟಿದ್ದಾರೆ. ಚಿಕ್ಕವರಿದ್ದಾಗ ಸೈಕಲ್ಲಿನ ಮುಂದಿನ ಚಕ್ರ ಕಳಚಿ, ತಮ್ಮನ್ನು ಬಿಟ್ಟು ತಾನೊಂದೇ ಪೊಲೀಸ್ ಠಾಣೆಯೊಳಗೆ ಹೋಯಿತು ಎಂದು ನನಗೆ ಹೇಳಿದ್ದರು. ಅಕ್ಕನಿಗೆ ಹೇಳಿದ್ದು ಬಸ್ಸಿನ ಮೇಲಿಂದ ಬಿದ್ದ ಪೆಟ್ಟಿಗೆಯ ಕತೆ. ಇನ್ನಾರಿಗೋ ಛಾವಣಿಯ ಫ್ಯಾನಿನದು. ಮೂರೂ ಸುಳ್ಳಿರಬಹುದು, ಮೂರರಲ್ಲೂ ಏನೋ ಒಂದು ಕಳಚಿ ಬೀಳುತ್ತದೆ ಎಂಬುದು ಮಾತ್ರ ನನಗೆ ಬಹಳ ಕಾಲ ಹೊಳೆದಿರಲಿಲ್ಲ.

ಇಂಥ ವೀರನಿಗೆ ವಿಧಿ ಕೊಟ್ಟ ಆಯುಧವಾದರೋ ಏರ್‌ಬ್ರಷ್ಷು. ಪೆನ್ನಿನಷ್ಟೇ ಗಾತ್ರದ ಹಿತ್ತಾಳೆಯ ಸಾಧನ. ಬಾಲಕ್ಕೆ ಗಾಳಿಯ ಕೊಳವೆ, ಬೆನ್ನ ಮೇಲೆ ಬಣ್ಣದ ಬಟ್ಟಲು, ಹೊಟ್ಟೆಯೊಳಗೆ ಒಂದು ನೀಳ ಸೂಜಿ, ತುದಿಯಲ್ಲಿ ತಿರುಗಿಸಿ ಕೂರಿಸುವ ಅಕ್ಕಿಕಾಳಿನಷ್ಟು ಮೂತಿ. ಅದರಿಂದ ಅವರು ಹೊಗೆಯಷ್ಟು ಹಗುರವಾಗಿ ಬಣ್ಣ ಊದುವುದನ್ನು ಕಂಡವರು, ಬಾಟಲಿಯ ಕತ್ತು ಹಿಸುಕುವ ಕೈ ಇದೇ ಎಂದರೆ ನಂಬುವುದಿಲ್ಲ. ಒಂದು ಕಾಲದಲ್ಲಿ ಊರಿನ ಅರ್ಧ ಅಂಗಡಿಗಳ ಹಲಗೆ, ಬೈಕುಗಳ ಟ್ಯಾಂಕಿನ ಮೇಲಿನ ಹದ್ದು, ಹುಲಿ ಎಲ್ಲ ಅವರದೇ. ಹಲಗೆಗಳನ್ನು ಮುದ್ರಣ ಯಂತ್ರ ನುಂಗಿತು, ಹದ್ದುಗಳನ್ನು ಸ್ಟಿಕ್ಕರು ತಿಂದಿತು. ಕೊನೆಗೆ ಅವರಿಗೆ ಉಳಿದದ್ದು ಒಂದೇ ಒಂದು ಆಕಾಶ: ಫೋಟೋ ಸ್ಟುಡಿಯೋದಲ್ಲಿ ಜನರ ಬೆನ್ನ ಹಿಂದೆ ತೂಗುಹಾಕುವ ಪರದೆ. ಹಳೆಯದು ಹರಿದಿತ್ತು, ಹೊಸದನ್ನು ಬರೆಯಲು ಫೋಟೋಗ್ರಾಫರು ಭಾವನನ್ನೇ ಕರೆದಿದ್ದರು.

ಅರ್ಧ ಆಕಾಶ ಮುಗಿದಿದ್ದಾಗ ಬ್ರಷ್ಷು ಉಗುಳಲಾರಂಭಿಸಿತು. ಬಟ್ಟಲಿನಲ್ಲಿ ಗುಳುಗುಳು ಗುಳ್ಳೆ, ಪರದೆಯ ಮೇಲೆ ಪಿಚಕ್ಕನೆ ನೀಲಿ ಹನಿ. ಮೂತಿ ಸಡಿಲವಾಗಿದೆಯೆಂದು ಭಾವ ತೀರ್ಮಾನಿಸಿದರು. ಆಮೇಲೆ ಏನು ಮಾಡಿದರೆಂದು ನಾನು ಹೇಳಬೇಕಾಗಿಲ್ಲ. ಮೂತಿ ನೇರ ಕೂರದೆ ಅಡ್ಡಡ್ಡ ಹತ್ತಿತ್ತು. ಅದರ ಮೇಲೆ ಇನ್ನೊಂದು ಸುತ್ತು. 'ಕರಕ್' ಎಂದಿತು.

ಬಂದು ನೋಡಿದ ಫೋಟೋಗ್ರಾಫರು ಒಳ್ಳೆಯವರು, ಬೈಯದೆ, "ಸಾರ್, ನಿಮ್ಮ ಆಕಾಶಕ್ಕೆ ಮೊಡವೆ ಎದ್ದಿದೆಯಲ್ಲ" ಎಂದರು. ಹೋಗುವಾಗ ಬಾಗಿಲಲ್ಲಿ ಇನ್ನೊಂದು ಮಾತು: "ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಪ್ರಿಂಟ್ ಹಾಕಿಸಿಬಿಡ್ತೀನಿ. ಬೇಜಾರು ಮಾಡ್ಕೋಬೇಡಿ."

ಭಾವ ಮನೆಗೆ ಓಡಿ ಬಂದರು. ನಾನು ಅಲ್ಲೇ ಇದ್ದೆ. ಅಕ್ಕ ಕಿಟಕಿಯ ಪಕ್ಕ ಯಂತ್ರ ತುಳಿಯುತ್ತಾ ಯಾರದೋ ರವಿಕೆ ಹೊಲಿಯುತ್ತಿದ್ದಳು.

"ಥ್ರೆಡ್ ಹೋಯ್ತು ಕಣೇ!"

"ಅದಕ್ಯಾಕೆ ಈ ಪಾಟಿ ಕೂಗ್ತೀರಿ? ಡಬ್ಬೀಲಿ ಬೇಕಾದಷ್ಟಿದೆ. ಯಾವ ಬಣ್ಣದ್ದು?"

"ದಾರ ಅಲ್ವೇ, ಹಿತ್ತಾಳೆ ಥ್ರೆಡ್ಡು! ಬ್ರಷ್ಷಿಂದು!"

"ಹಾಗಾದ್ರೆ ಜರಿದಾರ ತಗೊಳ್ಳಿ," ಎಂದು ಅಕ್ಕ ತಲೆಯೆತ್ತದೆ ಹೊಲಿದಳು.

ಹೊಸದು ಕೊಳ್ಳಬಹುದಲ್ಲ ಎಂದು ನಾನು ಜಾಣತನ ತೋರಿಸಿದೆ. "ಕೊಳ್ಳೋಣ. ಅದಕ್ಕೆ ಹೊಂದೋ ಹೊಸ ಕೈಯೂ ನೀನೇ ಕೊಡಿಸ್ತೀಯಾ?" ಎಂದರು ಭಾವ. ಆ ನಮೂನೆಯ ಬ್ರಷ್ಷು ಈಗ ತಯಾರಾಗುವುದೂ ಇಲ್ಲವಂತೆ. ನಾನು ಅವರ ಜೊತೆ, ಲೋಹ ಕಡೆದುಕೊಡುವ ಲೇತಿನವನ ಬಳಿಗೆ ಹೋದೆ.

ಲೇತಿನವನು ನಿಧಾನದ ಆಸಾಮಿ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಬ್ರಷ್ಷಿನ ಬಾಯೊಳಗೆ ಇಣುಕಿ, ಹಲ್ಲಿನ ವೈದ್ಯನಂತೆ ನಾಲಗೆ ಲೊಚಗುಟ್ಟಿದ. ಥ್ರೆಡ್ಡಿನ ಸುತ್ತಿ ಸುತ್ತಿ ಇಳಿಯುವ ಗೆರೆಗಳಲ್ಲಿ ಮೊದಲಿನವು ಚಪ್ಪಟೆಯಾಗಿ ಒಂದರ ಮೇಲೊಂದು ಮಲಗಿದ್ದವು. ಅಷ್ಟು ಸಣ್ಣ ಅಳತೆಯ ಟ್ಯಾಪು, ಎಂದರೆ ಗೆರೆ ಕೊರೆಯುವ ಉಳಿ, ಅವನ ಡಬ್ಬಿಯ ತಳದಲ್ಲಿ ಸಿಕ್ಕಿದ್ದು ನಮ್ಮ ಪುಣ್ಯ. ಒಂದು ಹನಿ ಎಣ್ಣೆ ಬಿಟ್ಟು, ಬೆರಳ ತುದಿಯಲ್ಲಿ ಮುಂದಕ್ಕೆ ಚೂರು, ಹಿಂದಕ್ಕೆ ಚೂರು, ಮತ್ತೆ ಮುಂದಕ್ಕೆ ಚೂರು ತಿರುಗಿಸಿದ. ಒಳಗಿನಿಂದ ಚಿನ್ನದಂಥ ಪುಡಿ ಉದುರಿತು.

ಈ ಹಿಂದೆಮುಂದೆಯಾಟವನ್ನು ಭಾವನಿಂದ ನೋಡಲಾಗಲಿಲ್ಲ. "ಹಿಂದಕ್ಕ್ಯಾಕೆ ಬರ್ತೀಯೋ ಮಾರಾಯ, ಮುಂದೆ ಹೋಗು!" ಎಂದು ಅಂಗಡಿಯಲ್ಲೆಲ್ಲ ಸುತ್ತಿದರು.

"ಹಿಂದಕ್ಕೆ ಬರದಿದ್ರೆ ಪುಡಿ ಸಿಕ್ಕಿ ಟ್ಯಾಪು ಒಳಗೇ ಮುರಿಯುತ್ತೆ ಸಾರ್. ಆಮೇಲೆ ಇಬ್ರೂ ಕೂತು ಅಳೋಣ."

ಅಳುವ ಬದಲು ಭಾವ ಅವನ ತಿರುಗುವ ಸ್ಟೂಲನ್ನು ಬಿಗಿಮಾಡಿದರು. ಅದು ಇವತ್ತಿಗೂ ತಿರುಗುತ್ತಿಲ್ಲವೆಂದು ಕೇಳಿದ್ದೇನೆ.

ಬ್ರಷ್ಷನ್ನು ಕೈಗಿಡುತ್ತಾ ಅವನು ಹೇಳಿದ: "ಒಳಗಡೆ ಅರ್ಧ ಥ್ರೆಡ್ಡು ಮಾತ್ರ ಉಳಿದಿರೋದು. ಪಾನಾ ಮುಟ್ಟಿಸ್ಬೇಡಿ. ಮೊದಲು ಹಿಂದಕ್ಕೆ ತಿರುಗಿಸಿ, ಟಿಕ್ ಅಂತ ಕೂರುತ್ತೆ, ಆಗ ಮುಂದಕ್ಕೆ. ನಿಂತ ಕಡೆ ಬಿಟ್ಬಿಡಿ. ಇನ್ನೊಂದ್ಸಲ ಅಡ್ಡ ಹತ್ತಿದ್ರೆ ನನ್ನ ಹತ್ರ ತರ್ಬೇಡಿ, ಗುಜರಿಗೆ ಕೊಡಿ."

ಹಿಂದಕ್ಕೆ! ಜನ್ಮದಲ್ಲಿ ಒಮ್ಮೆಯೂ ಎಡಕ್ಕೆ ತಿರುಗದ ಮಣಿಕಟ್ಟಿಗೆ ಇಂಥ ಅಗ್ನಿಪರೀಕ್ಷೆ.

ಮನೆಗೆ ಬಂದು ಅಕ್ಕನ ಹೊಲಿಗೆ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಕೂತರು. ಹಣೆಯ ಬೆವರು ಕೋಟಿನ ಮೇಲಿನ ಗುಂಡಿಗೆ ಇಳಿಯುತ್ತಿತ್ತು. ಮೂತಿಯನ್ನು ಬ್ರಷ್ಷಿನ ಬಾಯಿಗಿಟ್ಟು ಹಿಂದಕ್ಕೆ ತಿರುಗಿಸಿದರು. ಟಿಕ್. ನಮಗೂ ಕೇಳಿಸಿತು. ಮುಂದಕ್ಕೆ ತಿರುಗಿಸಿದರು, ನಯವಾಗಿ ಇಳಿಯಿತು, ನಿಂತಿತು. ನಾನು ಉಸಿರು ಬಿಡಬೇಕು, ಅಷ್ಟರಲ್ಲಿ ಕೆಳದುಟಿ ಹಲ್ಲಿನ ನಡುವೆ ಬಂತು, ಎಡಗಣ್ಣು ಮುಚ್ಚಿತು.

"ಇನ್ನೊಂದ್—"

ಅಕ್ಕ ಕೈಗೆ ಪಟ್ಟನೆ ಹೊಡೆದಳು.

ಭಾವ ತಮ್ಮ ಬಲಗೈಯನ್ನು ಮನೆಗೆ ನುಗ್ಗಿದ ಅಪರಿಚಿತನನ್ನು ನೋಡುವಂತೆ ನೋಡಿದರು. ಬಿಚ್ಚಿ ಮತ್ತೆ ಪ್ರಯತ್ನಿಸಿದರು. ಮತ್ತೆ ತುಟಿ, ಮತ್ತೆ ಕಣ್ಣು, ಮತ್ತೆ ಪೆಟ್ಟು. ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ಕಾಣದಿದ್ದರೆ ನಂಬುತ್ತಿರಲಿಲ್ಲ. ಬ್ರಷ್ಷು ಮತ್ತು ಮೂತಿ ಎರಡನ್ನೂ ಅಕ್ಕನ ಅಂಗೈಯಲ್ಲಿಟ್ಟು ಎದ್ದು ನಿಂತರು. "ನೀನೇ ಹಾಕೇ. ನನ್ನ ಕೈ ನನ್ನ ಮಾತು ಕೇಳಲ್ಲ." ಎರಡೂ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡು, ಒಂದನ್ನು ಇನ್ನೊಂದರಿಂದ ಗಟ್ಟಿಯಾಗಿ ಹಿಡಿದುಕೊಂಡರು.

ಅಕ್ಕ ದಾರ ಪೋಣಿಸುವಷ್ಟೇ ಸಲೀಸಾಗಿ ತಿರುಗಿಸಿದಳು. ಹಿಂದಕ್ಕೆ, ಟಿಕ್, ಮುಂದಕ್ಕೆ, ನಿಲ್ಲಿಸಿದಳು.

"ಸಾಕಾ?" ಎಂದರು ಭಾವ.

"ಸಾಕು."

"ಕಳಚಿ ಬಿದ್ರೆ?"

"ಬಿದ್ರೆ ಎತ್ತಿ ಹಾಕಿದ್ರಾಯ್ತು ಬಿಡ್ರೀ."

ಈ ಉಪಾಯ ಭಾವನಿಗೆ ಒಮ್ಮೆಯೂ ಹೊಳೆದಿರಲಿಲ್ಲವೆಂದು ಕಾಣುತ್ತದೆ.

ಬಟ್ಟಲಿಗೆ ನೀರು ಹಾಕಿ ಊದಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಶುಕ್ರವಾರದೊಳಗೆ ಆಕಾಶ ಮುಗಿಯಿತು. ಮೊಡವೆಗಳ ಮೇಲೆಲ್ಲ ಬಿಳಿಮೋಡ ತೇಲಿಸಿದರು. ಅಷ್ಟು ದಿನವೂ ಅಕ್ಕ ಬೆಳಿಗ್ಗೆ ಸ್ಟುಡಿಯೋಗೆ ಹೋಗಿ ಮೂತಿ ಹಾಕಿ ಬರುತ್ತಿದ್ದಳು, ಸಂಜೆ ಹೋಗಿ ಬಿಚ್ಚುತ್ತಿದ್ದಳು. ಪರದೆ ತೂಗುಹಾಕಿದ ದಿನ ಫೋಟೋಗ್ರಾಫರು ಅದರ ಮುಂದೆ ನಮ್ಮ ಮೂವರನ್ನೇ ಮೊದಲು ನಿಲ್ಲಿಸಿದರು. ಆ ಪಟ ನನ್ನಲ್ಲಿದೆ: ನಗುತ್ತಿರುವ ಅಕ್ಕ, ಹೊಟ್ಟೆ ಒಳಗೆಳೆದುಕೊಂಡ ನಾನು, ಮತ್ತು ಪಟದ ಅಂಚಿನಾಚೆಗೆ ಚಾಚಿದ ಭಾವನ ಬಲಗೈ. ಕ್ಯಾಮೆರಾ ನಿಂತ ಮುಕ್ಕಾಲಿಯ ತಿರುಪು ಅವರ ಕಣ್ಣಿಗೆ ಬಿದ್ದಿತ್ತು. ಆ ಕೈಯ ತೋಳನ್ನು ಅಕ್ಕ ನಗುತ್ತಲೇ ಹಿಡಿದುಕೊಂಡಿದ್ದಾಳೆ.

ಬಿಗಿಮಾಡುವ ಈ ಜನರನ್ನು ಕಂಡು ನಾವು ನಗುತ್ತೇವೆ, ಅವರು ಮುರಿದ ನಲ್ಲಿಗಳನ್ನು ಎಣಿಸುತ್ತೇವೆ. ಆದರೆ ಸಡಿಲವಾದದ್ದು ನಮ್ಮ ಕಣ್ಣಿಗೆ ಬೀಳುವುದು ಅದು ನೆಲಕ್ಕೆ ಬಿದ್ದ ಮೇಲೆ. ಅವರಿಗೋ ಎಚ್ಚರವಿದ್ದಷ್ಟು ಹೊತ್ತೂ ಜಗತ್ತೆಲ್ಲ ಈಗಲೋ ಆಗಲೋ ಕಳಚಿಕೊಳ್ಳುತ್ತಿರುತ್ತದೆ, ಮತ್ತು ಅದನ್ನು ಹಿಡಿದು ನಿಲ್ಲಿಸುವ ಹೊಣೆ ತಮ್ಮ ಎರಡು ಬೆರಳ ಮೇಲಿರುತ್ತದೆ. ಅಂಥವರಿಗೆ ಬಿಗಿಮಾಡುವುದು ಸುಲಭದ ಕೆಲಸ. ಒಂದು ಅಕ್ಕಿಕಾಳಿನಷ್ಟು ಹಿತ್ತಾಳೆಯನ್ನು ಇನ್ನೊಬ್ಬರ ಅಂಗೈಯಲ್ಲಿಟ್ಟು ಕೈಕಟ್ಟಿ ನಿಲ್ಲುವುದೇ ಅವರು ಗೆಲ್ಲಬೇಕಾದ ಯುದ್ಧ. ಅದರಲ್ಲಿ ಗೆದ್ದವರ ಬೆನ್ನ ಹಿಂದೆ ಒಂದು ಆಕಾಶವಿದ್ದರೆ ಅದು ಹೆಚ್ಚೇನಲ್ಲ.