ಚಾದರದ ಇನ್ನೊಂದು ತುದಿ

ನಮ್ಮ ಬೀದಿಯ ಲಾಂಡ್ರಿ ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಿರುವುದು ಬೀದಿಗೆಲ್ಲ ಗೊತ್ತಿತ್ತು. ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಮೊದಲ ಸಲ ಆಕೆ, ಬೇಸಿಗೆ ಕಳೆಯಲಿ ಎಂದರು. ಎರಡನೆಯ ಸಲ, ಮಳೆ ನಿಲ್ಲಲಿ ಎಂದರು. ಮೂರನೆಯ ಸಲ ಹವೆಯ ಮೇಲೆ ಹೊರಿಸಲು ಏನೂ ಸಿಗದೆ, ಆ ಡಾಕ್ಟರ ಮುಖವೇ ಸರಿಯಿಲ್ಲ ಎಂದರು.

ನಿಜವಾದ ಕಾರಣ ಬೇರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಕೆಗೆ ಒಬ್ಬಳೇ ಮಗಳು. ವಯಸ್ಸು ಮೂವತ್ತೊಂದು. ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯ. ಮಾತು ಕಡಿಮೆ; ಕಲಿಯುವುದು ನಿಧಾನ, ಕಲಿತದ್ದನ್ನು ಮರೆಯುವುದು ಇನ್ನೂ ನಿಧಾನ. ಅಪ್ಪ ತೀರಿಕೊಂಡ ಮೇಲೆ ತಾಯಿ ಮಗಳು ಇಬ್ಬರೇ ಲಾಂಡ್ರಿ ನಡೆಸುತ್ತಿದ್ದರು. ಪ್ರತಿ ಸೋಮವಾರ ನರ್ಸಿಂಗ್ ಹೋಮಿನಿಂದ ನಲವತ್ತು ಚಾದರ ಬರುತ್ತಿದ್ದವು. ಒಗೆದು, ಒಣಗಿಸಿ, ಗುರುವಾರ ಕೊಡಬೇಕು. ದೊಡ್ಡ ಚಾದರವನ್ನು ಒಬ್ಬರೇ ಮಡಿಸಲು ಹೋದರೆ ಅದು ನೆಲ ಒರೆಸುತ್ತದೆ. ಹಾಗಾಗಿ ಇಬ್ಬರೂ ಒಂದೊಂದು ತುದಿ ಹಿಡಿದು ಮಡಿಸುತ್ತಿದ್ದರು.

ನಮ್ಮ ಬೀದಿಯವರು ಒಳ್ಳೆಯವರು. ಎಡವಟ್ಟಿದ್ದದ್ದೇ ಆ ಒಳ್ಳೆಯತನದಲ್ಲಿ. ಮೂವತ್ತೊಂದರ ಹೆಂಗಸನ್ನು ‘ಪಾಪು’ ಎಂದು ಕರೆಯುತ್ತಿದ್ದರು. ಅವಳ ಕೈಯಲ್ಲಿ ಬಕೆಟ್ ಕಂಡರೆ ಓಡಿ ಬಂದು ಕಿತ್ತುಕೊಳ್ಳುತ್ತಿದ್ದರು. ಅವಳು ಒಂದು ಮಾತು ಶುರು ಮಾಡಿದರೆ ಮೂರು ಜನ ಸೇರಿ ಮುಗಿಸಿಕೊಡುತ್ತಿದ್ದರು. ಅವಳು ಎದುರಿಗೇ ನಿಂತಿದ್ದರೂ, “ಪಾಪುಗೆ ಊಟ ಆಯ್ತಾ?” ಎಂದು ತಾಯಿಯನ್ನು ಕೇಳುತ್ತಿದ್ದರು.

ಒಂದು ಶನಿವಾರ ಬೆಳಿಗ್ಗೆ ಲಾಂಡ್ರಿ ಅಮ್ಮ ಇಸ್ತ್ರಿ ಮೇಜಿನ ಪಕ್ಕದಲ್ಲೇ ಹೊಟ್ಟೆ ಹಿಡಿದು ಕುಸಿದರು. ಆರೋಗ್ಯ ಕೇಂದ್ರದ ನರ್ಸ್ ಬಂದರು. ಹಿಂದೆಯೇ ಬೇಕರಿ ಅತ್ತಿಗೆ ಬಂದರು. ಅವರು ಬೇಕರಿಯವರ ಹೆಂಡತಿ; ಬೀದಿಗೆಲ್ಲ ಅತ್ತಿಗೆ. ಎದುರಂಗಡಿಯ ಗಡಿಯಾರ ರಿಪೇರಿಯವರೂ ಬಂದರು. ಅರವತ್ತು ದಾಟಿದವರು, ತಮ್ಮ ಅಭಿಪ್ರಾಯವನ್ನು ಯಾರಾದರೂ ಕೇಳುವವರೆಗೆ ಕಾಯುವ ಅಭ್ಯಾಸ ಅವರಿಗಿಲ್ಲ.

“ಸೋಮವಾರನೇ ಆಪರೇಷನ್ ಆಗ್ಬೇಕು. ಇನ್ನು ಬಿಟ್ರೆ ಜೀವಕ್ಕೇ ಸಂಚಕಾರ,” ಎಂದರು ನರ್ಸ್. “ಐದು ದಿನ ಆಸ್ಪತ್ರೆ. ಆಮೇಲೆ ಒಂದು ತಿಂಗಳು ಭಾರ ಎತ್ತೋ ಹಾಗಿಲ್ಲ.”

“ಇವಳನ್ನ ಯಾರು ನೋಡ್ಕೋತಾರೆ?” ಎಂದು ಲಾಂಡ್ರಿ ಅಮ್ಮ ಮಗಳ ಕಡೆ ನೋಡಿದರು.

“ನಾವೇನು ಸತ್ತುಹೋಗಿದ್ದೀವಾ?” ಎಂದರು ಬೇಕರಿ ಅತ್ತಿಗೆ.

“ನಿಮಗೇನು ಗೊತ್ತು ಅವಳ ವಿಷಯ? ಹುಟ್ಟಿದಾಗಿಂದ ಒಂದು ದಿನ ಬಿಟ್ಟಿಲ್ಲ ನಾನು.”

ಗಡಿಯಾರದವರು ಗಂಟಲು ಸರಿಮಾಡಿಕೊಂಡರು. “ನೋಡಮ್ಮ, ಭಾವನೆ ಬೇರೆ, ವ್ಯವಹಾರ ಬೇರೆ. ಇಂಥವರನ್ನ ಇಟ್ಕೊಳ್ಳೋ ಜಾಗ ಪೇಟೇಲಿ ಇದೆಯಂತೆ. ಐದು ದಿನ ಬಿಟ್ಟು ಬಂದ್ರಾಯ್ತು. ಅವಳಿಗೇನು ತಿಳಿಯತ್ತೆ?”

“ಹಾಗಾದ್ರೆ ಆಪರೇಷನ್ನೇ ಬೇಡ,” ಎಂದು ಲಾಂಡ್ರಿ ಅಮ್ಮ ಗೋಡೆ ಕಡೆ ಮುಖ ತಿರುಗಿಸಿದರು.

ನರ್ಸ್ ತಮ್ಮ ಸ್ಟೂಲನ್ನು ಮಗಳ ಕಡೆಗೆ ಎಳೆದುಕೊಂಡರು. “ಅಮ್ಮ ಐದು ದಿನ ಆಸ್ಪತ್ರೇಲಿ ಇರ್ತಾರೆ. ಆಗ ನೀವು ಎಲ್ಲಿರ್ತೀರಿ?”

ಉತ್ತರ ಕೊಡಲು ಮೂವರು ಬಾಯಿ ತೆರೆದರು. ನರ್ಸ್ ಒಂದು ಬೆರಳೆತ್ತಿದರು. ಮೂರೂ ಬಾಯಿ ಮುಚ್ಚಿದವು. ಕಾಲು ನಿಮಿಷ ಯಾರೂ ಮಾತಾಡಲಿಲ್ಲ. ನಮ್ಮ ಬೀದಿಯ ಮಟ್ಟಿಗೆ ಅದೊಂದು ದಾಖಲೆ.

“ಇಲ್ಲಿ,” ಎಂದಳು ಮಗಳು. “ಗುರುವಾರ ಚಾದರ ಕೊಡ್ಬೇಕು.”

“ಸರಿ. ನಿಮ್ಮನ್ನ ಏನಂತ ಕರೀಲಿ?”

ಇನ್ನೊಂದು ಕಾಲು ನಿಮಿಷ.

“ಅಕ್ಕ.”

ಬೇಕರಿ ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಟ್ಟು ಬಿತ್ತು ಎಂದು ಆಮೇಲೆ ಹೇಳಿದರು.

ನರ್ಸ್ ಒಂದು ಹಾಳೆ ತೆಗೆದರು. “ಅಮ್ಮ, ನಿಮಗೆ ಮಾತ್ರ ಗೊತ್ತಿರೋದನ್ನ ಈಗ ಎಲ್ಲರಿಗೂ ಹೇಳಿ. ಬರ್ಕೋತೀನಿ.”

ಲಾಂಡ್ರಿ ಅಮ್ಮ ಗೋಡೆಯಿಂದ ಮುಖ ಈಚೆಗೆ ತಿರುಗಿಸಿ, ಒಂದೊಂದಾಗಿ ಹೇಳಿದರು. ಬೆಳಿಗ್ಗೆ ತಿಂಡಿ ಆದಮೇಲೆ ಒಂದು ಮಾತ್ರೆ. ಸ್ಟೌ ಹತ್ತಿರ ಒಬ್ಬಳೇ ಬೇಡ. ಯಾರಾದರೂ ಕೂಗಾಡಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ. ಆಗ ಮುಟ್ಟಬಾರದು, ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಆಗುವುದಿಲ್ಲ, ಬರುವುದಿಲ್ಲ, ಮಾಡಬಾರದು ಎಂದು ಹಾಳೆಯ ಒಂದು ಮಗ್ಗುಲು ತುಂಬಿತು.

“ಈಗ ಏನೇನು ಬರತ್ತೆ ಹೇಳಿ,” ಎಂದು ನರ್ಸ್ ಹಾಳೆ ಮಗುಚಿದರು.

ತಾಯಿ ತಡವರಿಸಿದರು. ಯಾರೂ ಇದುವರೆಗೆ ಅದನ್ನು ಕೇಳಿರಲಿಲ್ಲ. ಬೇಕರಿ ಅತ್ತಿಗೆಯೇ ಹೇಳಿದರು: “ಯಾವ ಅಂಗಿ ಯಾರದ್ದು ಅಂತ ಚೀಟಿ ನೋಡ್ದೇನೇ ಹೇಳ್ತಾಳೆ. ನಮ್ಮನೆಯವರ ಅಂಗಿ ನನಗೇ ಗುರುತು ಸಿಗಲ್ಲ.” ಆಮೇಲೆ ತಾಯಿಗೂ ಮಾತು ಬಂತು. ಒಣಗಿದ ಬಟ್ಟೆ ಎಳೆದು ತರುತ್ತಾಳೆ, ಕಲೆ ಹುಡುಕುತ್ತಾಳೆ, ಚಾದರ ಮಡಿಸುವುದರಲ್ಲಿ ನನ್ನನ್ನೂ ಮೀರಿಸುತ್ತಾಳೆ ಎಂದರು.

ಕೊನೆಗೆ ಆಕೆ ದನಿ ತಗ್ಗಿಸಿದರು. “ಇನ್ನೊಂದು ಬರ್ಕೊಳ್ಳಿ. ‘ಅರ್ಥ ಆಯ್ತಾ’ ಅಂತ ಕೇಳ್ಬೇಡಿ. ಯಾರು ಕೇಳಿದ್ರೂ ‘ಆಯ್ತು’ ಅಂತಾಳೆ. ಇಲ್ಲ ಅಂದ್ರೆ ಬೈತಾರೆ ಅಂತ ಹೆದರಿಕೆ.”

“ಒಂದು ಸಲಕ್ಕೆ ಒಂದೇ ಕೆಲಸ ಹೇಳಿ,” ಎಂದರು ನರ್ಸ್ ಉಳಿದವರಿಗೆ. “ಈಗ ಏನು ಮಾಡ್ತೀರಿ ಅಂತ ಅವರ ಬಾಯಿಂದ್ಲೇ ಕೇಳಿ. ಉತ್ತರ ಬರೋವರೆಗೂ ಕಾಯಿರಿ. ಅಷ್ಟೇ ವಿದ್ಯೆ.”

ಹಾಳೆ ದಾರದಲ್ಲಿ ಗೋಡೆಗೇರಿತು. ಸರದಿ ನಿಗದಿಯಾಯಿತು. ರಾತ್ರಿ ಜೊತೆಗಿರುವುದು ಬೇಕರಿ ಅತ್ತಿಗೆ, ಒಗೆಯುವ ಯಂತ್ರ ಬೇಕರಿಯವರು, ಬೆಳಿಗ್ಗೆ ನರ್ಸ್. ಮಧ್ಯಾಹ್ನ ಯಾರ ಗಡಿಯಾರವೂ ಕೆಡುವುದಿಲ್ಲವಾದ್ದರಿಂದ ಆ ಹೊತ್ತು ಗಡಿಯಾರದವರ ಪಾಲಿಗೆ ಬಂತು. “ನಡೆಯಲ್ಲ ಇದು, ಬರೆದಿಟ್ಕೊಳ್ಳಿ,” ಎಂದೇ ಅವರು ಒಪ್ಪಿಕೊಂಡರು.

ಮಂಗಳವಾರ ಅಂಗಡಿ ಮುಚ್ಚುವಾಗ ಅವರು ಬಾಗಿಲಲ್ಲಿ ನಿಂತು ಒಂದೇ ಉಸಿರಿನಲ್ಲಿ ಹೇಳಿದರು: “ನಾನು ಒಳಗೆ ಸ್ವಿಚ್ ಆರಿಸ್ತೀನಿ, ನೀನು ಬಕೆಟ್ ಕವುಚಿ, ಗಂಟು ಮೇಲಿಟ್ಟು, ಕಿಟಕಿ ಮುಚ್ಚಿ, ಹೊರಗಿಂದ ಚಿಲಕ ಹಾಕು. ಅರ್ಥ ಆಯ್ತಾ?”

“ಆಯ್ತು.”

ಕೊನೆಯದು ಮಾತ್ರ ನೆನಪಿತ್ತು. ಅವಳು ಚಿಲಕ ಹಾಕಿ, ಮೆಟ್ಟಿಲ ಮೇಲೆ ಶಿಸ್ತಾಗಿ ಕೂತಳು. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಬಂತು.

“ತೆಗಿ!”

“ಹಾಕು ಅಂದ್ರಿ.”

ನಲವತ್ತು ನಿಮಿಷದ ಮೇಲೆ ನರ್ಸ್ ಬಂದು ಬಾಗಿಲು ತೆಗೆಸಿದಾಗ ಗಡಿಯಾರದವರು ಬೆವರಿ, ಇಸ್ತ್ರಿಗೆ ನೀರು ಚಿಮುಕಿಸಿದ ಅಂಗಿಯಂತಿದ್ದರು.

“ನೋಡಿದ್ರಾ? ನಾನು ಹೇಳಿರ್ಲಿಲ್ವಾ?”

“ನೀವು ಎಷ್ಟು ಕೆಲಸ ಹೇಳಿದ್ರಿ?”

ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. “ನಾಲ್ಕು.”

“ಗೋಡೆ ಮೇಲಿನ ಹಾಳೆ ಓದಿದ್ರಾ?”

“ಸಾರಾಂಶ ಗೊತ್ತಿತ್ತು,” ಎಂದರು ಗಡಿಯಾರದವರು.

ಅವತ್ತು ನಿಂತು, ಕನ್ನಡಕ ಹಾಕಿಕೊಂಡು, ಎರಡೂ ಮಗ್ಗುಲು ಓದಿದರು. ಬುಧವಾರ ಬಂದವರೇ, “ಈಗ ಏನು ಮಾಡೋಣ?” ಎಂದು ಕೇಳಿ, ಬಾಯಿ ಬಿಗಿಹಿಡಿದು ಕಾದರು.

ಅವಳು ಚಾದರದ ಒಂದು ತುದಿಯನ್ನು ಅವರ ಕೈಗಿತ್ತಳು.

“ಎಳಿ. ಕೊಡವು. ಮೂಲೆ. ಬಾ.”

ಗಡಿಯಾರದವರಿಗೆ ಏಕವಚನದಲ್ಲಿ ‘ಬಾ’ ಎಂದವರು ಅದುವರೆಗೆ ಅವರ ತಾಯಿ ಒಬ್ಬರೇ. ಅವರು ಹೋದರು. ಮೂಲೆ ಕೂಡಲಿಲ್ಲ.

“ಮತ್ತೆ,” ಎಂದಳು ಅವಳು.

ಸಾಸಿವೆ ಗಾತ್ರದ ಸ್ಕ್ರೂ ಕೂರಿಸುವ ಕೈಗಳು ಆರಡಿ ಬಟ್ಟೆಯ ಮುಂದೆ ಸೋತವು. ಏಳನೆಯ ಚಾದರಕ್ಕೆ ಅಂಚಿಗೆ ಅಂಚು ಕೂತಿತು. ಅವಳು ಅದನ್ನು ಹಿಂದುಮುಂದು ತಿರುಗಿಸಿ ನೋಡಿ, ಕಪಾಟಿಗಿಟ್ಟಳು. ಅವತ್ತು ಸಂಜೆ ಗಡಿಯಾರದವರು ಬೇಕರಿಗೆ ಬಂದವರಿಗೆಲ್ಲ, “ನನ್ನದೊಂದು ಪಾಸಾಯ್ತು” ಎಂದು ಹೇಳಿಕೊಂಡು ತಿರುಗಿದರು.

ಗುರುವಾರ ನರ್ಸಿಂಗ್ ಹೋಮಿನಿಂದ ಹೊಸ ಮೇಲ್ವಿಚಾರಕರು ಬಂದರು. ಚಾದರದ ರಾಶಿ ನೋಡಿದರು, ಅವಳನ್ನು ನೋಡಿದರು, ಅವಳನ್ನು ಬಿಟ್ಟು ಗಡಿಯಾರದವರ ಕಡೆ ತಿರುಗಿದರು.

“ಲಾಂಡ್ರಿ ಅಮ್ಮ ಇಲ್ಲವಂತೆ. ಇದು ಈಕೆ ಮಾಡಿದ್ದಾ? ಎಲ್ಲ ಸರಿ ಇದೆ ಅಂತ ನೀವು ಹೇಳ್ತೀರಾ?”

“ನನ್ನನ್ನೇನು ಕೇಳ್ತೀರಿ ಸ್ವಾಮಿ?” ಎಂದರು ಗಡಿಯಾರದವರು. “ಅಕ್ಕನ್ನ ಕೇಳಿ. ನಾನು ಇಲ್ಲಿ ಕೆಲಸ ಕಲಿಯೋಕೆ ಬಂದಿರೋನು.”

ಮೇಲ್ವಿಚಾರಕರಿಗೆ ಬೇರೆ ದಾರಿಯಿರಲಿಲ್ಲ. “ಎಲ್ಲ ಸರಿ ಇದೆಯಾ... ಅಕ್ಕ?”

ಅಂಗಡಿಯಲ್ಲಿದ್ದ ಎಲ್ಲರೂ ಕಾದರು. ಅವಳು ರಾಶಿಯಿಂದ ಬೇರೆಯಾಗಿಟ್ಟಿದ್ದ ಒಂದು ಚಾದರ ಬಿಡಿಸಿ, ನಡುವಿನ ಹರಕನ್ನು ತೋರಿಸಿದಳು. “ಮೂವತ್ತೊಂಬತ್ತು ಸರಿ. ಇದು ಇಲ್ಲ.”

ಅವರು ಆ ಒಂದನ್ನು ಬಿಟ್ಟು ಉಳಿದದ್ದನ್ನು ಒಯ್ದರು. ಮುಂದಿನ ಸೋಮವಾರ ಬಂದಾಗ ಚಾದರದ ಲೆಕ್ಕದ ಚೀಟಿಯನ್ನು ನೇರವಾಗಿ ಅವಳ ಕೈಗೇ ಕೊಟ್ಟರು.

ಇತ್ತ ಆಸ್ಪತ್ರೆಯಿಂದ ಲಾಂಡ್ರಿ ಅಮ್ಮ ಮೊದಲ ದಿನ ಹನ್ನೊಂದು ಸಲ ಫೋನ್ ಮಾಡಿದ್ದರು. ಎರಡನೆಯ ದಿನ ಆರು. ನಾಲ್ಕನೆಯ ದಿನ ಒಂದೇ ಸಲ, ಅದೂ, “ಯಾಕೆ ನೀವ್ಯಾರೂ ಫೋನ್ ಮಾಡಲ್ಲ?” ಎಂದು ಜಗಳಕ್ಕೆ.

ಮನೆಗೆ ಬಂದ ದಿನ ಒಳಗೆ ಕಾಲಿಟ್ಟವರೇ ಅಭ್ಯಾಸಬಲದಿಂದ ಚಾದರಕ್ಕೆ ಕೈ ಹಾಕಿದರು. ಮಗಳು ಅದನ್ನು ಬಿಡಿಸಿಕೊಂಡು ಕುರ್ಚಿ ಎಳೆದಳು. “ಕೂತ್ಕೋ.” ಹಗಲು ಹೊತ್ತಿನಲ್ಲಿ ಆಕೆ ಕುರ್ಚಿಯ ಮೇಲೆ ಕೂತಿದ್ದನ್ನು ಬೀದಿ ಮೊದಲ ಸಲ ನೋಡಿತು.

ತಿಂಗಳು ಕಳೆಯಿತು. ಒಂದು ದಿನ ಲಾಂಡ್ರಿ ಅಮ್ಮ ನರ್ಸನ್ನು ಪಕ್ಕಕ್ಕೆ ಕರೆದು, ಕದ್ದವರಂತೆ ಕೇಳಿದರು: “ನನ್ನ ತಂಗಿ ಮನೆಗೆ ಹೋಗಿ ಎರಡು ದಿನ ಇದ್ದು ಬರ್ಲಾ? ಕಾಯಿಲೆ ಅಂತಲ್ಲ. ಸುಮ್ನೆ.”

“ನನ್ನನ್ಯಾಕೆ ಕೇಳ್ತೀರಿ?” ಎಂದರು ನರ್ಸ್.

ತಾಯಿ ಮಗಳ ಕಡೆ ತಿರುಗಿದರು. ಕೇಳಿದರು. ಕಾದರು.

“ಹೋಗು,” ಎಂದಳು ಮಗಳು. “ಸೀರೆ ಇಸ್ತ್ರಿ ಆಗಿದೆ.”

ಓದುವ, ಕೇಳುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯಲ್ಲೂ ಇಂಥದೊಂದು ಮನೆ ಇದ್ದೇ ಇದೆ. ಅಲ್ಲೊಬ್ಬ ತಾಯಿ, ಅಪ್ಪ ಅಥವಾ ಅಣ್ಣ ವರ್ಷಗಟ್ಟಲೆ ತನ್ನ ನೋವನ್ನು ಮುಂದೂಡುತ್ತಿರಬಹುದು. “ಅಯ್ಯೋ ಪಾಪ” ಎನ್ನುವುದು ಸುಲಭ, ಅದರಿಂದ ಯಾರ ಕೆಲಸವೂ ಹಗುರಾಗುವುದಿಲ್ಲ. ವಾರಕ್ಕೊಂದು ಮಧ್ಯಾಹ್ನ ನೀವು ಹೋಗಿ. ಅವರಿಗೇನು ಬರುತ್ತದೆ ಎಂದು ಮೊದಲು ಕೇಳಿ, ಬರೆದಿಡಿ. ವಯಸ್ಸಿಗೆ ತಕ್ಕ ಮರ್ಯಾದೆಯಿಂದ ಅವರೊಂದಿಗೇ ನೇರವಾಗಿ ಮಾತಾಡಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ. ಉತ್ತರಕ್ಕೆ ಕಾಲು ನಿಮಿಷ ಕಾಯಿರಿ. ಹೇಗೆ ಶುರು ಮಾಡುವುದೋ ತಿಳಿಯದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ.

ನಾಳೆಗೆ ಇಡಬೇಡಿ. ಇವತ್ತು ಸಂಜೆಯೇ ಆ ಮನೆಯ ಬಾಗಿಲು ತಟ್ಟಿ.