ದಿಬ್ಬದ ಮನೆಯವಳ ಹೆಸರು

ತೋಬಾ ಸರೋವರದ ಮೇಲೆ ಬೆಳಿಗ್ಗೆ ಮಂಜು ಕೂತಿರುವಾಗ ಆಚೆ ದಡ ಇರುವುದೇ ಇಲ್ಲ. ಹತ್ತು ಗಂಟೆಯ ಹೊತ್ತಿಗೆ ಅದು ಒಂದೊಂದು ಮರವಾಗಿ, ಒಂದೊಂದು ಮಾಡಾಗಿ ಹಿಂತಿರುಗಿ ಬರುತ್ತದೆ. ಭಾನುವಾರದ ಆರಾಧನೆ ಮುಗಿದು ನಮ್ಮ ಸಭೆಯ ಕೂಟ ಶುರುವಾಗುವುದೂ ಅದೇ ಹೊತ್ತಿಗೆ. ಹತ್ತೊಂಬತ್ತು ವರ್ಷ ನಾನು ಆ ಕೂಟಗಳ ನಡಾವಳಿ ಬರೆದೆ. ಕಿಟಕಿಯ ಪಕ್ಕ ನನ್ನ ಮೇಜು. ಮಾಡಿನ ತಗಡು ಬದಲಿಸುವುದು, ಗಾಯನ ತಂಡಕ್ಕೆ ಹೊಸಬರನ್ನು ಸೇರಿಸುವುದು, ಸ್ಮಶಾನದ ಬೇಲಿ, ಹೀಗೆ ಬರೆಯುತ್ತ ಬರೆಯುತ್ತ ಕಣ್ಣೆತ್ತಿದರೆ ಆಚೆ ದಡ ಇನ್ನಷ್ಟು ಬಂದಿರುತ್ತಿತ್ತು. ದೇವರು ಹಾಡಿನಲ್ಲಿರುತ್ತಾನೆ, ಪ್ರಾರ್ಥನೆಯಲ್ಲಿರುತ್ತಾನೆ, ಕೂಟ ಶುರುವಾದಾಗ ಸ್ವಲ್ಪ ಹೊರಗೆ ಹೋಗಿ ನಿಂತಿರುತ್ತಾನೆ ಎಂದು ಆಗ ನಾನು ತಿಳಿದಿದ್ದೆ.

ಆ ವರ್ಷ ನಾಲ್ಕನೇ ಕೇರಿಯ ಹಿರಿಯರೊಬ್ಬರಿಗೆ ಅರವತ್ತೈದು ತುಂಬಿ ಅವರು ನಿವೃತ್ತರಾದರು. ನಮ್ಮ ಲುಥರನ್ ಸಭೆಯಲ್ಲಿ ಪಾದ್ರಿಗಳು ಬೇರೆ ಊರಿನಿಂದ ಬರುತ್ತಾರೆ, ಕೆಲವು ವರ್ಷ ಇದ್ದು ಹೋಗುತ್ತಾರೆ. ಕಾಯಿಲೆಯವರ ಪಕ್ಕ ಕೂರುವುದು, ಸತ್ತವರಿಗಾಗಿ ಗಂಟೆ ಹೊಡೆಯುವುದು, ಸಭೆಯ ಆಡಳಿತ ನೋಡುವುದು ಇವೆಲ್ಲ ಕೇರಿಯವರೇ ತಮ್ಮೊಳಗಿಂದ ಆರಿಸಿದ ಹಿರಿಯರ ಕೆಲಸ. ಆರಿಸಿದವರ ಹೆಸರನ್ನು ಎರಡು ಭಾನುವಾರ ಎಲ್ಲರ ಮುಂದೆ ಓದುತ್ತಾರೆ. ತಕರಾರು ಇದ್ದವರು ಬರೆದುಕೊಡಬೇಕು. ಬರೆದುಕೊಟ್ಟ ತಕರಾರಿಗೆ ಕೂಟದಲ್ಲೇ ಉತ್ತರ ಸಿಗಬೇಕು. ಹೆಂಗಸರೂ ಹಿರಿಯರಾಗಬಹುದು ಎಂದು ತೀರ್ಮಾನವಾಗಿ ಆಗ ಕೆಲವೇ ವರ್ಷ ಆಗಿತ್ತು.

ಗುರುವಾರ ಸಂಜೆ ಮೀನು ಮಾರುವ ಪಿಂತೋರನಮ್ಮನ ಮನೆಯಲ್ಲಿ ಕೇರಿಯವರು ಚಾಪೆ ಹಾಸಿ ಕೂತು ಚೀಟಿ ಬರೆದರು. ಇಪ್ಪತ್ತಮೂರು ಚೀಟಿ. ಹತ್ತೊಂಬತ್ತರಲ್ಲಿ ಒಂದೇ ಹೆಸರು: ದಿಬ್ಬದ ಮನೆ ಇನಾಂಗ್.

ಇನಾಂಗ್ ಅಂದರೆ ಅಮ್ಮ. ಹೆಂಗಸರನ್ನು ಗೌರವದಿಂದ ನಾವು ಹಾಗೆ ಕರೆಯುತ್ತೇವೆ, ಗಂಡಸರನ್ನು ಅಮಾಂಗ್ ಎನ್ನುತ್ತೇವೆ. ಮದುವೆಯಾದವರನ್ನು ಹೆಸರು ಹಿಡಿದು ಕೂಗುವುದು ನಮ್ಮಲ್ಲಿ ಒರಟುತನ. ಮಗು ಹುಟ್ಟಿದ ಮೇಲೆ ಪಿಂತೋರನಮ್ಮ, ಮೊಮ್ಮಗು ಹುಟ್ಟಿದ ಮೇಲೆ ಬೊನಾರನಜ್ಜ. ಹೀಗೆ ಮಕ್ಕಳ ಹೆಸರೇ ದೊಡ್ಡವರ ಹೆಸರು. ದಿಬ್ಬದ ಮನೆಯವಳ ಮಗು ಮೂರೇ ದಿನ ಬದುಕಿ, ಹೆಸರಿಡುವ ಮೊದಲೇ ಹೋಯಿತು. ಮತ್ತೆ ಮಕ್ಕಳಾಗಲಿಲ್ಲ. ಗಂಡನೂ ಹೋದ. ಮನೆಯ ಗುರುತೇ ಅವಳ ಹೆಸರಾಗಿ ಉಳಿಯಿತು.

ಸಭೆಯ ಪುಸ್ತಕದಲ್ಲಿ ಮಾತ್ರ ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರನ್ನೇ ಬರೆಯಬೇಕು. ಹಳೆಯ ಮದುವೆ ದಾಖಲೆ ತೆಗೆದು ನೋಡಿ ಬರೆದೆ: ರುಮೊಂದಾಂಗ್ ಬೊರು ಸಗಾಲಾ, ಅಂದರೆ ಸಗಾಲಾ ಮನೆತನದ ಮಗಳು.

ಮಾರನೆಯ ದಿನ ನಾನು ಹೋದಾಗ ಅವಳು ಮನೆಯ ಕೆಳಗೆ, ಕಂಬಗಳ ನೆರಳಿನಲ್ಲಿ ಕೂತು ಚಾಪೆ ಹೆಣೆಯುತ್ತಿದ್ದಳು. ವಿಷಯ ಹೇಳಿದೆ.

"ತಪ್ಪು ಎಣಿಸಿದೀರಿ, ಇನಾಂಗ್ ಗುರು," ಎಂದಳು. ಶಾಲೆಯಲ್ಲಿ ಪಾಠ ಮಾಡಿದ್ದರಿಂದ ನಾನು ಎಲ್ಲರಿಗೂ ಇನಾಂಗ್ ಗುರು.

"ಎರಡು ಸಲ ಎಣಿಸಿದೆ."

"ಕನ್ನಡಕ ಹಾಕ್ಕೊಂಡಿದ್ರಾ?"

"ಹಾಕ್ಕೊಂಡೇ ಎಣಿಸಿದೆ."

ಅವಳು ನಗಲಿಲ್ಲ. "ಹಬ್ಬದಲ್ಲಿ ಮಾಂಸದ ಪಾಲು ಹಂಚುವಾಗ ಒಬ್ಬೊಬ್ಬರನ್ನೇ ಕೂಗಿ ಕೊಡ್ತಾರಲ್ಲ, ನಲವತ್ತೊಂದು ವರ್ಷದಲ್ಲಿ ನನ್ನನ್ನ ಒಂದು ಸಲಾನೂ ಕೂಗಿಲ್ಲ. ಸಿಗಲ್ಲ ಅಂತಲ್ಲ. ನಮ್ಮಕ್ಕ, ಭಾವನ ಹೆಂಡತಿ, ಇದ್ದಾಗ ತನ್ನ ಪಾಲಲ್ಲೇ ಒಳ್ಳೆ ತುಂಡು ಎತ್ತಿ ನನಗಿಡ್ತಿದ್ದಳು. ಆದ್ರೆ ಕೂಗಲ್ಲ. ಅಂಥವಳು ಎಲ್ಲರ ಮುಂದೆ ಹೋಗಿ ನಿಂತು ಏನು ಮಾಡ್ಲಿ?"

"ಹಾಗಾದರೆ ಬೇಡ ಅಂತ ಬರೆಯಲಾ?"

ಅವಳ ಬೆರಳುಗಳು ನಿಂತವು. "ಎರಡು ಭಾನುವಾರ ಓದ್ತಾರಲ್ಲ. ಯಾರಾದ್ರೂ ತಕರಾರು ಮಾಡ್ತಾರೆ. ಮಾಡ್ಲಿ. ಅಲ್ಲಿಗೆ ಮುಗೀತು."

ಹಾಗೆಂದು, ಸರಿಯಾಗಿಯೇ ಹೆಣೆದಿದ್ದ ಮೂರು ಸಾಲನ್ನು ಅವಳು ಬಿಚ್ಚಿಹಾಕಿದಳು. ಅವಳಿಗೆ ಅದು ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಬೇಕು ಎಂದು ಬಾಯಿಬಿಟ್ಟು ಹೇಳಲು ಹೆದರಿಕೆ.

ಮೊದಲ ಭಾನುವಾರ ಪಾದ್ರಿಗಳು ಪ್ರಕಟಣೆ ಓದಿದರು. ಊರಿಗೆ ಬಂದು ಆರು ತಿಂಗಳಾಗಿದ್ದ ಯುವಕ, ದನಿ ಚೆನ್ನಾಗಿತ್ತು. "ನಾಲ್ಕನೇ ಕೇರಿಯಿಂದ ಹಿರಿತನಕ್ಕೆ ಆಯ್ಕೆಯಾದವರು, ರುಮೊಂದಾಂಗ್ ಬೊರು ಸಗಾಲಾ."

ಬೆಂಚುಗಳಲ್ಲಿ ಗುಸುಗುಸು ಎದ್ದಿತು.

"ಯಾರೇ ಅದು?" ಪಿಂತೋರನಮ್ಮ ಪಕ್ಕದವಳನ್ನು ಕೇಳಿದಳು. "ನಮ್ಮ ಮನೇಲೇ ಕೂತು ಚೀಟಿ ಬರೆದ್ರು. ನಾನೇ ಕಾಫಿ ಕೊಟ್ಟೆ. ಇವಳು ಯಾವಾಗ ಬಂದ್ಲು?"

"ಮೇದಾನ್ ಪೇಟೆಯಿಂದ ಬಂದ ಹೊಸ ಸೊಸೆ ಇರ್ಬೇಕು."

"ಆ ಹುಡುಗೀನಾ? ಅವಳಿಗೆ ಅನ್ನ ಬಸಿಯೋಕೆ ಬರಲ್ಲ."

ದಿಬ್ಬದ ಮನೆಯವಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಡೆ ಒಬ್ಬರೂ ತಿರುಗಲಿಲ್ಲ.

ಬುಧವಾರ ಬೊನಾರನಜ್ಜ ಸಭೆಯ ಕಚೇರಿಗೆ ಬಂದರು. ಅವರು ಅವಳ ಗಂಡನ ಅಣ್ಣ, ನಾಲ್ಕನೇ ಕೇರಿಯ ಹಿರಿಯರಲ್ಲಿ ಹಿರಿಯರು. ಗಂಡನ ಅಣ್ಣ ತಮ್ಮನ ಹೆಂಡತಿಯೊಡನೆ ನೇರವಾಗಿ ಮಾತಾಡುವಂತಿಲ್ಲ. ನಮ್ಮಲ್ಲಿ ಅದು ಮುನಿಸಲ್ಲ, ಮರ್ಯಾದೆ. "ಕಂಬವೇ, ಮಳೆ ಬರ್ತಿದೆ, ಭತ್ತ ಒಳಗೆ ತಗೋಬೇಕು ಅಂತ ಹೇಳು," ಎಂದು ಅವರು ಅವಳ ಮನೆಯ ಕಂಬಕ್ಕೆ ಹೇಳುತ್ತಿದ್ದರು. "ಕಂಬವೇ, ಆಗಲೇ ತಗೊಂಡಾಯ್ತು ಅಂತ ಹೇಳು," ಎಂದು ಅವಳೂ ಕಂಬಕ್ಕೇ ಹೇಳುತ್ತಿದ್ದಳು. ನಲವತ್ತೊಂದು ವರ್ಷ ಹೀಗೇ ನಡೆದಿತ್ತು.

"ಇನಾಂಗ್ ಗುರು, ಪಾದ್ರಿಗಳ ಕೈಗೆ ತಕರಾರು ಬರೆದುಕೊಟ್ಟು ಬಂದೆ," ಎಂದರು ಅವರು. "ನಮ್ಮ ಕೇರೀಲಿ ಅಂಥ ಹೆಂಗಸೇ ಇಲ್ಲ. ನಾವು ಆರಿಸಿದ್ದು ನಮ್ಮ ತಮ್ಮನ ಮನೆಯವರನ್ನ. ಯಾವ ಊರಿನವಳನ್ನ ತಂದು ಬರೆದಿದೀರಿ?"

ನಾನು ಮದುವೆ ದಾಖಲೆ ತೆರೆದು ಅವರ ಮುಂದೆ ತಿರುಗಿಸಿದೆ. ವರ, ವಧು, ಸಾಕ್ಷಿ. ಸಾಕ್ಷಿಯ ಸಹಿ ಅವರದೇ. ಆಗ ಅವರ ಅಕ್ಷರ ಇನ್ನೂ ನೆಟ್ಟಗಿತ್ತು. ಅವರು ಬಹಳ ಹೊತ್ತು ನೋಡಿದರು. ಹೆಸರು ಓದುವಾಗ ತುಟಿ ಅಲುಗದಂತೆ ನೋಡಿಕೊಂಡರು.

"ಆ ತಕರಾರು ವಾಪಸ್ ಕೊಡಿ."

"ಪಾದ್ರಿಗಳು ಆಗಲೇ ಪುಸ್ತಕದಲ್ಲಿ ಏರಿಸಿರ್ತಾರೆ, ಅಮಾಂಗ್. ಭಾನುವಾರ ನೀವೇ ಎದ್ದು ಉತ್ತರ ಹೇಳ್ಬೇಕು."

ಅವರು ಟೋಪಿ ಹಾಕಿಕೊಂಡರು, ಮತ್ತೆ ತೆಗೆದರು. "ನಲವತ್ತು ವರ್ಷ ಮೇಷ್ಟ್ರಾಗಿದ್ದೋರು ನೀವು. ಹುಡುಗರ ಕಾಪಿ ಪುಸ್ತಕದಲ್ಲಿ ಅಳಿಸೋದಿಲ್ವಾ?" ಎಂದು ಗೊಣಗುತ್ತ ಹೋದರು.

ಸುದ್ದಿ ಅವರಿಗಿಂತ ಮೊದಲು ದಿಬ್ಬ ಹತ್ತಿತ್ತು. ಶನಿವಾರ ನಾನು ಹೋದಾಗ ಅವಳು ಚಾಪೆ ಹೆಣೆಯುತ್ತಿರಲಿಲ್ಲ, ಸುಮ್ಮನೆ ಕೂತಿದ್ದಳು.

"ತಕರಾರು ಬರ್ಲಿ ಅಂತ ನಾನೇ ಅಂದಿದ್ದೆ," ಎಂದಳು. "ಆದ್ರೆ ನಮ್ಮ ಮನೆಯೋರೇ ಕೊಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ."

ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವಳು ಮೊದಲು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನಗು ನಿಂತಿತು.

"ಅವರದ್ದು ಬಿಡಿ. ಓದಿದಾಗ ನಂಗೇ ಒಂದು ಕ್ಷಣ ಯಾರೋ ಬೇರೆಯೋರು ಅನ್ನಿಸ್ತು. ನಮ್ಮಮ್ಮ ಸತ್ತ ಮೇಲೆ ಆ ಹೆಸರು ಯಾರ ಬಾಯಲ್ಲೂ ಕೇಳಿಲ್ಲ. ನಾಳೆ ಆ ಹೆಸರು ಹೊಡೆದುಹಾಕಿ ಅಂತ ಹೇಳ್ತೀನಿ. ಯಾರೂ ಅರಿಯದ ಹೆಸರು ಹೊತ್ಕೊಂಡು ಯಾರ ಮನೆ ಬಾಗಿಲು ತಟ್ಟಲಿ?"

ನಾನು ಹೊರಡಲು ಎದ್ದೆ. ಅವಳು ಒಳಗೆ ಹೋಗಿ, ನನ್ನ ಮಂಡಿನೋವು ನೆನಪಿಟ್ಟುಕೊಂಡು, ಇಳಿಜಾರಿಗೆ ಊರಿಕೊಂಡು ಹೋಗಲೆಂದು ಒಂದು ಕೋಲು ತಂದುಕೊಟ್ಟಳು.

ಎರಡನೆಯ ಭಾನುವಾರ ಮಂಜು ಕರಗುವುದನ್ನೇ ಮರೆತಂತಿತ್ತು. ಕಿಟಕಿಗಳಾಚೆ ಬರೀ ಬಿಳುಪು. ನಮ್ಮ ಮರದ ಚರ್ಚು ನೀರಿನ ಮೇಲೆ ಎಲ್ಲೋ ತೇಲುತ್ತಿರುವ ಹಾಗೆ. ಆರಾಧನೆ ಮುಗಿದು ಕೂಟ ಶುರುವಾಯಿತು. ಪಾದ್ರಿಗಳು ಹೆಸರನ್ನು ಎರಡನೆಯ ಸಲ ಓದಿ, ತಕರಾರನ್ನೂ ಓದಿದರು. "ಅಂಥ ವ್ಯಕ್ತಿ ನಮ್ಮ ಕೇರಿಯಲ್ಲಿ ಇಲ್ಲ. ಸಹಿ, ಕೇರಿಯ ಹಿರಿಯ." ಆ ಹೊತ್ತಿಗೆ ಊರಿಗೆಲ್ಲ ಕಥೆ ಗೊತ್ತಾಗಿತ್ತು. ಆದರೂ ಯಾರೂ ನಗಲಿಲ್ಲ. ಕೆಮ್ಮುವವರು ಜಾಸ್ತಿಯಾದರು, ಅಷ್ಟೆ.

ಬೊನಾರನಜ್ಜ ಎದ್ದರು. ಕರಿ ಕೋಟು, ಕೈಯಲ್ಲಿ ಟೋಪಿ. ಹೆಂಗಸರ ಕಡೆ ನೋಡದೆ ಪಕ್ಕದ ಕಂಬದ ಕಡೆ ತಿರುಗಿದರು.

"ಕಂಬವೇ," ಎಂದರು, "ತಕರಾರು ತಪ್ಪಾಗಿತ್ತು ಅಂತ ಹೇಳು. ಒಪ್ತಾರಾ ಅಂತ ಅವರನ್ನ ಕೇಳು."

ನಾನು ಲೇಖನಿ ಹಿಡಿದು ಕಾದೆ. ಏನು ಬರೆಯುವುದು?

"ಅಮಾಂಗ್, ತಪ್ಪು ತಿಳ್ಕೋಬೇಡಿ," ಎಂದೆ. "ಕಂಬದ ಹೆಸರು ಸದಸ್ಯರ ಪಟ್ಟಿಯಲ್ಲಿಲ್ಲ. ಅದು ಹೇಳಿದ್ದನ್ನ ನಾನು ನಡಾವಳಿಯಲ್ಲಿ ಬರೆಯೋಕಾಗಲ್ಲ."

ಆಗ ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕರು. ಪಾದ್ರಿಗಳು ಮಾತ್ರ ಮೆಲ್ಲಗೆ, ತಮ್ಮ ತಂದೆಯ ವಯಸ್ಸಿನವರಿಗೆ ಹೇಳುವ ಸಂಕೋಚದಿಂದ ಹೇಳಿದರು. "ಅಮಾಂಗ್, ನಿಮ್ಮ ಮನೇಲಿ ನಿಮ್ಮ ಮರ್ಯಾದೆ ಇರ್ಲಿ. ಅದು ಒಳ್ಳೇದೇ. ಆದ್ರೆ ಈ ಮನೆಗೆ ಎಲ್ಲರೂ ಬಂದಿದ್ದು ದೀಕ್ಷಾಸ್ನಾನದ ನೀರಿನಿಂದ. ಇಲ್ಲಿ ನಮಗಿರೋದು ಅಲ್ಲಿ ಕರೆದ ಹೆಸರೊಂದೇ. ಆ ಹೆಸರು ಹಿಡಿದೇ ಕೇಳ್ಬೇಕು."

ಟೋಪಿ ಅವರ ಕೈಯಲ್ಲಿ ಒಂದು ಸುತ್ತು ತಿರುಗಿತು. ಅವರು ಕಂಬವನ್ನು ಬಿಟ್ಟು ಹೆಂಗಸರ ಕಡೆ ತಿರುಗಿದರು.

"ರುಮೊಂದಾಂಗ್," ಎಂದರು.

ಅವಳು ತಲೆ ಎತ್ತಲಿಲ್ಲ. ಕೇಳಿಸಲಿಲ್ಲವೋ, ತನ್ನನ್ನೇ ಎಂದು ತಿಳಿಯಲಿಲ್ಲವೋ. ಪಿಂತೋರನಮ್ಮ ಮೊಣಕೈಯಿಂದ ತಿವಿದಳು. ಆಮೇಲೆ ಅದೇ ಕೈಯಿಂದ ಅವಳ ಹೆಗಲ ಮೇಲೆ ಜಾರಿದ್ದ ಶಾಲನ್ನು ಸರಿಮಾಡಿದಳು.

"ರುಮೊಂದಾಂಗ್ ಬೊರು ಸಗಾಲಾ," ಎಂದರು ಅವರು ಇನ್ನೊಮ್ಮೆ. "ನಮ್ಮನೆಯವಳು, ಬೊನಾರನಜ್ಜಿ, ಹಾಸಿಗೆ ಹಿಡಿದಿದ್ದ ಐದು ತಿಂಗಳು ದಿನಾ ಬೆಳಿಗ್ಗೆ ನಮ್ಮ ಮೆಟ್ಟಿಲ ಮೇಲೆ ಬಿಸಿನೀರಿನ ಮಡಕೆ ಇರ್ತಿತ್ತು. ಇಟ್ಟೋರನ್ನ ನಾನು ನೋಡ್ಲಿಲ್ಲ. ಆದ್ರೆ ಗೊತ್ತಿತ್ತು. ಅವಳನ್ನ ಮಣ್ಣು ಮಾಡಿ ಬಂದ ದಿನ ಕಂಬಕ್ಕೆ ಉಪಕಾರ ಆಯ್ತು ಅಂತ ಹೇಳಿದ್ದೆ. ನೀವು ಆಗ ಅಂಗಳದಲ್ಲಿ ಇರ್ಲಿಲ್ಲ, ಕೇಳಿಸಿರಲ್ಲ. ಈಗ ಹೇಳ್ತಿದೀನಿ. ನಮ್ಮ ಕೇರಿ ನಿಮ್ಮನ್ನ ಆರಿಸಿದೆ. ಒಪ್ತೀರಾ?"

ಅವಳು ಎದ್ದು ನಿಂತಳು. ಹೊಡೆದುಹಾಕಿ ಎನ್ನುತ್ತಾಳೆಂದು ನಾನು ಲೇಖನಿ ಕೆಳಗಿಟ್ಟೆ. ಅವಳು ಹೆಂಗಸರನ್ನು ನೋಡಿದಳು, ಗಂಡಸರನ್ನು ನೋಡಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು, ಮನೆಗೆ ಬರುವವರಿಗಾಗಿ ಬಾಗಿಲಲ್ಲಿ ನಿಂತವರ ಹಾಗೆ. ಆ ಮೌನದಂಥ ಪ್ರಾರ್ಥನೆಯನ್ನು ಆಮೇಲೆ ನಾನು ಯಾವ ಹಬ್ಬದಲ್ಲೂ ಕಂಡಿಲ್ಲ. ನಡಾವಳಿಯಲ್ಲಿ ಅದಕ್ಕೆ ಒಂದು ಗೆರೆ ಖಾಲಿ ಬಿಟ್ಟಿದ್ದೇನೆ.

"ನನಗೆ ಓದು ಅಷ್ಟು ಬರಲ್ಲ," ಎಂದಳು.

"ಎರಡು ವರ್ಷ ಕಲಿಸ್ತೀವಿ," ಎಂದರು ಪಾದ್ರಿಗಳು.

"ತಪ್ಪು ಮಾಡ್ತೀನಿ."

"ಅದಕ್ಕೇ ಕೂಟ ಇರೋದು," ಎಂದಳು ಪಿಂತೋರನಮ್ಮ. "ಕೂತ್ಕೊಂಡು ಬೈತೀವಿ."

"ಹಂಗಾದ್ರೆ ಒಪ್ತೀನಿ," ಎಂದು ಅವಳು ಕೂತಳು. ಪಕ್ಕದವಳು ಸದ್ದಿಲ್ಲದೆ ಅವಳ ಮಂಡಿಯ ಮೇಲೆ ಕೈ ಇಟ್ಟಳು.

ಪಾದ್ರಿಗಳು ಮುಂದಿನ ವಿಷಯಕ್ಕೆ ಬಂದರು. ಮಕ್ಕಳ ಭಾನುವಾರದ ಶಾಲೆಯನ್ನು ಮಧ್ಯಾಹ್ನ ಎರಡಕ್ಕೆ ಮಾಡುವ ಯೋಚನೆ. ಯಾರಿಗಾದರೂ ಏನಾದರೂ ಹೇಳುವುದಿದೆಯೇ? ಸಾಮಾನ್ಯವಾಗಿ ಇಂಥ ಹೊತ್ತಿಗೆ ಎಲ್ಲರಿಗೂ ಹಸಿವಾಗಿ, ಯಾರಿಗೂ ಏನೂ ಹೇಳುವುದಿರುವುದಿಲ್ಲ.

ರುಮೊಂದಾಂಗ್ ಕೈ ಎತ್ತಿದಳು.

"ಎರಡಕ್ಕೆ ಬೇಡ. ಕೊಲ್ಲಿಯ ಆಚೆಯಿಂದ ಐದಾರು ಮಕ್ಕಳು ದೋಣೀಲಿ ಬರ್ತಾರೆ. ಮಧ್ಯಾಹ್ನ ಗಾಳಿ ಏಳುತ್ತೆ. ನೆನೆದು ಮನೆಗೆ ಹೋಗ್ತಾರೆ. ಆರಾಧನೆಗೆ ಮೊದಲೇ ಇಡಿ."

"ಅದು ಆಗೋ ಮಾತಲ್ಲ," ಎಂದರು ಬೊನಾರನಜ್ಜ ತಟ್ಟನೆ, ಅವಳನ್ನೇ ನೋಡಿ. "ಬೆಳಿಗ್ಗೆ ಹುಡುಗರು ಎಮ್ಮೆ ಹೊಡ್ಕೊಂಡು ಹೋಗ್ಬೇಕು."

"ಎಮ್ಮೆ ಹೊಡೆಯೋರು ದೊಡ್ಡ ಹುಡುಗರು. ನಾನು ಹೇಳ್ತಿರೋದು ಸಣ್ಣವರ ವಿಷಯ."

"ಸಣ್ಣವರಿಗೆ ಹುಟ್ಟು ಹಾಕೋರು ಯಾರು ಮತ್ತೆ? ಆ ದೊಡ್ಡ ಹುಡುಗರೇ ತಾನೆ?"

ಅವಳು ಒಂದು ಕ್ಷಣ ಯೋಚಿಸಿದಳು. "ಅದು ಸರಿ. ಅದು ನನಗೆ ಹೊಳೀಲಿಲ್ಲ. ಹಂಗಾದ್ರೆ ನಾನೇ ಹೋಗಿ ಕರ್ಕೊಂಡು ಬರ್ತೀನಿ. ನಿಮ್ಮ ದೋಣಿ ಕೊಡಿ."

"ನಿಮಗೆ ಹುಟ್ಟು ಹಾಕೋಕೆ ಬರುತ್ತಾ?"

"ಮದುವೆಗೆ ಅಂತ ಈ ಊರಿಗೆ ಬಂದ ದಿನ ಹುಟ್ಟು ಹಾಕಿದ್ದು ನಾನೇ. ನಿಮ್ಮ ತಮ್ಮ ದೋಣಿ ಅಂಚು ಹಿಡ್ಕೊಂಡು ವಾಂತಿ ಮಾಡ್ತಾ ಕೂತಿದ್ರು. ದಡದ ಹತ್ರ ಬಂದ ಮೇಲೆ, ಅಣ್ಣನಿಗೆ ಗೊತ್ತಾಗೋದು ಬೇಡ ಅಂತ ಹುಟ್ಟು ಇಸ್ಕೊಂಡ್ರು."

ಚರ್ಚು ನಕ್ಕು ನಕ್ಕು ತಣ್ಣಗಾಯಿತು. ಬೊನಾರನಜ್ಜ ನಗಲಿಲ್ಲ. ತೀರಿಹೋದ ತಮ್ಮ ಒಳಗೆ ಬಂದು ಕೂತ ಹಾಗೆ ಅವರ ಮುಖ ಎಳೆಯದಾಗಿತ್ತು.

"ಇದು ನನಗೆ ಗೊತ್ತೇ ಇರ್ಲಿಲ್ಲ," ಎಂದರು.

"ನೀವು ಕೇಳಿರ್ಲಿಲ್ಲ."

"ಕೇಳೋ ಹಂಗೂ ಇರ್ಲಿಲ್ಲ." ಅವರು ಬೆಂಚಿನ ಮೇಲೆ ಮೆಲ್ಲಗೆ ಕೂತರು. "ಇನ್ನೂ ಏನೇನಿದೆ ಹೇಳಿ, ಅವನ ವಿಷಯ."

ಪಾದ್ರಿಗಳು ಕೈಗಡಿಯಾರ ನೋಡಲು ತೋಳು ಎತ್ತಿದವರು, ನೋಡದೆಯೇ ಕೆಳಗಿಳಿಸಿದರು.