ಉಪ್ಪುನೀರಿನ ಕೈ

ವರ್ನಿಟಾ ಬಗ್ಗಿ ತೀರಿಹೋದ ಅಪ್ಪ ಒಡೆಲ್‌ನ ಕೈಯನ್ನು ಇನ್ನೇನು ಮುಟ್ಟಬೇಕು ಅನ್ನುವಷ್ಟರಲ್ಲಿ ಹಿಂದಿನಿಂದ ಐಸಮ್ ಕೂಗಿದ. "ಬೇಡ ಮಗಳೇ! ಮುಟ್ಟಬೇಡ!"

ಚರ್ಚಿನೊಳಗೆ ಆಡುತ್ತಿದ್ದ ಬೀಸಣಿಗೆಗಳೆಲ್ಲ ನಿಂತವು. ನಲವತ್ತು ವರ್ಷ ಒಡೆಲ್‌ನ ಜೊತೆ ಹೆದ್ದಾರಿ ಪಕ್ಕದಲ್ಲಿ ಕಡಲೆಕಾಯಿ ಬೇಯಿಸಿದ ಮುದುಕ ಐಸಮ್ ಬೆಂಚುಗಳನ್ನು ಹಿಡಿದುಕೊಂಡು ಶವಪೆಟ್ಟಿಗೆಯ ಹತ್ತಿರ ಬಂದ.

"ಯಾಕೆ ಚಿಕ್ಕಪ್ಪ? ಚೆನ್ನಾಗಿ ತೊಳೆದಿದ್ದೀವಿ ಅಂದ್ರಲ್ಲ ಶವಸಂಸ್ಕಾರದವರು. ಸೂಟೂ ಹೊಸದಂತೆ. ನಿನ್ನೆ ಎರಡು ಸಲ ಫೋನ್ ಮಾಡಿ ಕೇಳಿದೀನಿ."

"ತೊಳೆದಿದ್ರು ಕಣಮ್ಮ. ಆಮೇಲೆ ನಾನೇ... ಬೆಳಿಗ್ಗೆ ಇಲ್ಲಿ ಯಾರೂ ಇರ್ಲಿಲ್ಲ. ಹಂಡೆಯಿಂದ ಒಂದು ಹಿಡಿ ಕಡಲೆಕಾಯಿ ತಂದು ಅವನ ಅಂಗೈಲಿಟ್ಟು ಬೆರಳು ಮಡಿಸ್ದೆ. ಬರಿಗೈಲಿ ಹೇಗೆ ಕಳಿಸೋದು ಅನ್ನಿಸ್ತು."

ಒಡೆಲ್‌ನ ಬೆರಳುಗಳ ನಡುವೆ ಬೆಂದ ಸಿಪ್ಪೆಯ ತುದಿಯೊಂದು ಕಾಣುತ್ತಿತ್ತು. ಉಪ್ಪುನೀರು ಇಳಿದು ಬಿಳಿ ಅಂಗಿಯ ತೋಳು ಕಂದುಬಣ್ಣಕ್ಕೆ ತಿರುಗಿತ್ತು.

"ನಿನ್ನ ತಲೆ ನೆಟ್ಟಗಿದೆಯೇನೋ?" ಅಂದಳು ಒಡೆಲ್‌ನ ಅಕ್ಕ ಲುವೀನಿಯಾ. "ಅದು ತಾಗಿದ್ರೆ ಇವಳಿಗೆ ಉಸಿರು ಕಟ್ಟುತ್ತೆ ಅಂತ ಇಡೀ ಊರಿಗೆ ಗೊತ್ತು. ಬರ್ತಾಳೆ ಅಂತ ನಿಂಗೆ ಹೇಳಿರ್ಲಿಲ್ವಾ?"

"ನೀನು ಹೇಳಿದ್ದೆ. ಆದ್ರೆ ಅವಳು ಯಾವಾಗ್ಲೂ ದೂರಾನೇ ಇರ್ತಿದ್ಲಲ್ಲ ಲುವೀನಿಯಾ. ಇವತ್ತೂ ಹಿಂದಿನ ಬೆಂಚಲ್ಲೇ ಕೂತ್ಕೋತಾಳೆ ಅಂದ್ಕೊಂಡೆ."

* * *

ವರ್ನಿಟಾಳ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮಗಳಿಗೆ ಎರಡು ತುಂಬುವ ಮೊದಲು ಒಂದು ಸಂಜೆ ಒಡೆಲ್ ಹಂಡೆಯ ಬಳಿಯಿಂದ ಮನೆಗೆ ಬಂದವನೇ ಮಗುವಿನ ಕಣ್ಣಿಗೆ ಮುತ್ತಿಟ್ಟ. ಕಣ್ಣು ಊದಿತು, ತುಟಿ ಊದಿತು, ಉಸಿರು ಸಿಳ್ಳೆ ಹಾಕತೊಡಗಿತು. ಅದೇ ತಿಂಗಳು ಮತ್ತೊಮ್ಮೆ ಹಾಗಾದಾಗ ಡಾಕ್ಟರು, ಮೂರನೇ ಸಲ ನನ್ನ ಕೈಲಾಗದೆ ಹೋಗಬಹುದು ಅಂದರು.

ಒಡೆಲ್ ಹಂಡೆ ಮಗುಚಿಟ್ಟು ಮರದ ಮಿಲ್ಲಿಗೆ ಸೇರಿದ. ಎಂಟು ತಿಂಗಳಿಗೆ ಮಿಲ್ಲು ಮುಚ್ಚಿತು. ಸೌತ್ ಕ್ಯಾರೊಲಿನಾದ ಆ ಮರಳುನೆಲದ ಸೀಮೆಯಲ್ಲಿ ಅವನಂಥವರಿಗೆ ಬೇರೆ ಕೆಲಸ ಸಿಗಲಿಲ್ಲ. ಕಡಲೆಕಾಯಿ ಮಾತ್ರ ಇತ್ತು. ಸಮುದ್ರದ ಕಡೆ ಹೋಗುವ ಕಾರುಗಳು ಅವನ ಹಂಡೆ ಕಂಡರೆ ನಿಲ್ಲುತ್ತಿದ್ದವು.

"ಒಂದು ವರ್ಷ ಇಟ್ಕೋ ಅಕ್ಕ" ಎಂದು ಮಗುವನ್ನು ಕೊಲಂಬಿಯಾ ಪಟ್ಟಣದಲ್ಲಿದ್ದ ಲುವೀನಿಯಾಳ ಮನೆಗೆ ಬಿಟ್ಟುಬಂದ. ಒಂದು ವರ್ಷ ಹದಿನಾರಾಯಿತು.

ಭಾನುವಾರ ಭಾನುವಾರ ಚರ್ಮ ಸುಲಿಯುವ ಹಾಗೆ ತಿಕ್ಕಿಕೊಂಡು, ಅದಕ್ಕೆಂದೇ ಎತ್ತಿಟ್ಟ ಬಟ್ಟೆ ಹಾಕಿಕೊಂಡು ಬರುತ್ತಿದ್ದ. ಆದರೂ ಅವಳಿಗೆ ಏಳು ವರ್ಷವಾಗಿದ್ದಾಗ, ಬಿಚ್ಚಿಹೋದ ಅವಳ ಶೂಲೇಸು ಕಟ್ಟಿಕೊಟ್ಟ ದಿನ, ಸಂಜೆಯೊಳಗೆ ಆಸ್ಪತ್ರೆ ಕಾಣಬೇಕಾಯಿತು. ಅಲ್ಲಿಂದಾಚೆ ಅವನು ಗೇಟಿನ ಬಳಿ, ಅವಳು ಜಗಲಿಯಲ್ಲಿ.

"ಸ್ಕೂಲಲ್ಲಿ ಏನ್ ಹೇಳ್ಕೊಟ್ರೇ?"

"ಏಳರ ಮಗ್ಗಿ!"

"ಯಾವುದು?"

"ಏಳರದ್ದು ಅಪ್ಪಾ! ಕಿವುಡಾ!"

"ಹೇಳು ನೋಡೋಣ, ಜೋರಾಗಿ!"

ಬೀದಿಗೆಲ್ಲ ಅವಳ ಮಗ್ಗಿ ಬಾಯಿಪಾಠವಾಯಿತು.

ಒಂದು ದಿನ ಅವಳು ಕೇಳಿದಳು. "ಅದರ ರುಚಿ ಹೇಗಿರುತ್ತಪ್ಪಾ?"

ಮೂರು ಗಂಟೆ ಕುದಿಸಿ, ಉಪ್ಪು ಕಾಳಿನೊಳಗೆ ಇಳಿಯುವವರೆಗೆ ನೀರಲ್ಲೇ ಬಿಟ್ಟು, ಒಂದನ್ನು ಹಲ್ಲಲ್ಲಿ ಒತ್ತಿ ಹದ ನೋಡುವ ಮನುಷ್ಯ ಗೇಟಿನ ಮೇಲೆ ಎರಡೂ ಕೈ ಊರಿದ.

"ಏನೂ ಚೆನ್ನಾಗಿರಲ್ಲ ಬಿಡು" ಎಂದು ಕೂಗಿ ಹೇಳಿದ.

* * *

"ಐದು ನಿಮಿಷ ಕೊಡಿ. ತೆಗೆದು, ಮತ್ತೆ ತೊಳೀತೀನಿ" ಎಂದು ಶವಸಂಸ್ಕಾರದವನು ಕೈಗವಸು ಹಾಕಿಕೊಂಡ. ಒಡೆಲ್‌ನ ತೋರುಬೆರಳನ್ನು ಎಬ್ಬಿಸಲು ನೋಡಿದ. ಅದು ಏಳಲಿಲ್ಲ. ಇನ್ನಷ್ಟು ಬಲ ಹಾಕಿದ. ಒಳಗೊಂದು ಕಾಯಿ ಒಡೆದು ನೀರು ಚಿಮ್ಮಿತು.

ನಾಲ್ಕು ಹೆಜ್ಜೆ ದೂರದಿಂದ ವರ್ನಿಟಾ, "ಬಿಡಿ, ಹಾಗೆ ಎಳೀಬೇಡಿ. ನೋವಾಗುತ್ತೆ" ಅಂದಳು.

ಅವನು ಕೈ ಹಿಂದಕ್ಕೆ ತೆಗೆದ.

"ಮತ್ತೆ ನೀನು?" ಅಂದಳು ಲುವೀನಿಯಾ. "ಅಪ್ಪನ ಕೈ ಮುಟ್ಟೋಕೆ ಮೂವತ್ತೆಂಟು ವರ್ಷ ಕಾದಿದ್ದೀಯಲ್ಲೇ."

"ಇರ್ಲಿ ಅತ್ತೆ. ಅವನ ಕೈಲೇ ಇರ್ಲಿ."

ಐಸಮ್ ಅಳುತ್ತ ಅವಳನ್ನು ತಬ್ಬಲು ಮುಂದೆ ಬಂದವನು ಅರ್ಧಕ್ಕೇ ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ನಾನು ಎಂಥ ಕತ್ತೆ ನೋಡಮ್ಮ" ಅಂದ.

"ಅವನಿಗೆ ಬೇಕಾದ್ದನ್ನೇ ಕೊಟ್ಟಿದ್ದೀಯ ಚಿಕ್ಕಪ್ಪ."

ಪೆಟ್ಟಿಗೆ ಮುಚ್ಚಿ ಹೊರಗೆ ತಂದರು. ಬಂದವರಿಗೆ ಕಡಲೆಕಾಯಿ ಹಂಚಲೆಂದು ಗಂಡಸರು ಓಕ್ ಮರದಡಿ ಒಡೆಲ್‌ನ ಹಂಡೆಯನ್ನೇ ಒಲೆಗೇರಿಸಿದ್ದರು. ಅವನ ಗೌರವಕ್ಕೆ ಅದಕ್ಕಿಂತ ಒಳ್ಳೆಯದು ಯಾರಿಗೂ ಹೊಳೆದಿರಲಿಲ್ಲ. ಪೆಟ್ಟಿಗೆಯನ್ನು ಗುಂಡಿಯ ಅಂಚಿಗಿಡುವಾಗ ಗಾಳಿ ತಿರುಗಿತು. ಹಬೆ ಸಮಾಧಿಗಳ ಮೇಲೆ ಹಾದು ಬಂತು. ವರ್ನಿಟಾ ತುಟಿ ಉಜ್ಜಿಕೊಂಡಳು.

ಲುವೀನಿಯಾ ಅದನ್ನು ನೋಡಿಬಿಟ್ಟಳು. "ಒಲೆ ಆರಿಸ್ರೋ! ಬೇಗ!"

ಯಾರೋ ಓಡಿಹೋಗಿ ಬೆಂಕಿಗೆ ಒಂದು ಬಕೆಟ್ ನೀರು ಸುರಿದರು. ಬುಸ್ಸೆಂದು ಇನ್ನೂ ದಟ್ಟವಾದ ಹಬೆ ಎದ್ದಿತು. ಲುವೀನಿಯಾ ವರ್ನಿಟಾಳ ತೋಳು ಹಿಡಿದು ಎಳೆದೊಯ್ದು ಕಾರಿನೊಳಗೆ ಕೂರಿಸಿ, ಗಾಜುಗಳನ್ನೆಲ್ಲ ಏರಿಸಿ, ಉಸಿರು ಕಟ್ಟಿದರೆ ಚುಚ್ಚಿಕೊಳ್ಳುವ ಸೂಜಿಮದ್ದಿನ ಚೀಲ ಅವಳ ಮಡಿಲಿಗೆ ಹಾಕಿ ಬಾಗಿಲು ಮುಚ್ಚಿದಳು.

ಪಾದ್ರಿಯ ಬಾಯಿ ಆಡುತ್ತಿತ್ತು. ಹೆಂಗಸರ ಹೆಗಲು ಅತ್ತಿತ್ತ ತೂಗತೊಡಗಿದಾಗ ಹಾಡು ಶುರುವಾಯಿತೆಂದು ವರ್ನಿಟಾಗೆ ತಿಳಿಯಿತು. ಯಾವ ಹಾಡೆಂದು ತಿಳಿಯಲಿಲ್ಲ. ಗಾಜಿಗೆ ಹಣೆ ಒತ್ತಿ ಅವರ ತುಟಿಗಳನ್ನೇ ನೋಡಿದಳು. ಪೆಟ್ಟಿಗೆ ಇಳಿಯುವುದು ಕಾಣದಂತೆ ಜನ ಒತ್ತಾಗಿ ನಿಂತಿದ್ದರು.

ಸ್ವಲ್ಪ ಹೊತ್ತಿಗೆ ಗಂಡಸರು ಒಬ್ಬೊಬ್ಬರಾಗಿ, ಪ್ರಾರ್ಥನೆಗೆಂದು ತೆಗೆದಿದ್ದ ಟೋಪಿಯನ್ನು ಮತ್ತೆ ತಲೆಗೆ ಇಟ್ಟುಕೊಳ್ಳತೊಡಗಿದರು.